ಪಾಚಿಗೆ ಊಟ ಹಾಕುತ್ತಿದ್ದವರು ಯಾರು?

ನಾನು ಗುಬ್ಬಿಯವನು. ತುಮಕೂರಿನಲ್ಲಿ ಬಿ.ಎಸ್ಸಿ ಮುಗಿಸಿ, ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮನೆಯಲ್ಲಿ ದುಡ್ಡು ಕೇಳೋಕೆ ಮುಜುಗರ. ಹಾಗಾಗಿ ಅಕ್ವೇರಿಯಂ ಕ್ಲೀನ್ ಮಾಡುವ ಕೆಲಸ ಹಿಡಿದಿದ್ದೇನೆ. ಸಾಮಾನ್ಯವಾಗಿ ಗೋಲ್ಡ್ ಫಿಶ್, ಗಪ್ಪಿ ಸಾಕುವ ಸಿಹಿನೀರಿನ ಟ್ಯಾಂಕುಗಳೇ ಸಿಗುತ್ತವೆ. ಅವಕ್ಕಿಂತ ಹೆಚ್ಚು ದುಡ್ಡು ಕೊಡುವುದು, ತಲೆನೋವನ್ನೂ ಹೆಚ್ಚು ಕೊಡುವುದು ಕುಣಿಗಲ್ಲಿನ ಒಂದು ದಂತ ಕ್ಲಿನಿಕ್‌ನಲ್ಲಿರುವ ಉಪ್ಪುನೀರಿನ ಟ್ಯಾಂಕ್. 200 ಲೀಟರ್ ನೀರು, ಸೆರಾಮಿಕ್ ಬಂಡೆಗಳು, ಒಂದು ಜೋಡಿ ಕ್ಲೌನ್ ಮೀನು. ಹವಳ ಇಲ್ಲ. ಬಂಡೆ ಕಟ್ಟುವ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಯಾರಾದರೂ ಮಾರುತ್ತೇವೆ ಅಂದರೂ ಕೊಳ್ಳಬೇಡಿ.

ನಾನು ಕೆಲಸ ಒಪ್ಪಿಕೊಂಡಾಗ ಆ ಬಂಡೆಗಳ ಮೇಲೆ ಎರಡು ಇಂಚು ಹಸಿರು ಕೂದಲು ಬೆಳೆದಿತ್ತು. ಇಂಗ್ಲಿಷಿನವರು ಇದನ್ನು ಹೇರ್ ಆಲ್ಗೆ ಅಂತಾರೆ, ನಮಗೆ ಕೂದಲು ಪಾಚಿ. 'ಏನಪ್ಪಾ, ವಾರವಾರ ನೀರು ಬದಲಾಯಿಸ್ತಿದೀವಿ, ಆದ್ರೂ ಜಾಸ್ತೀನೇ ಆಗ್ತಿದೆ. ಇನ್ನೊಂದು ತಿಂಗಳು ನೋಡ್ತೀನಿ, ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ' ಅಂದರು ಡಾಕ್ಟ್ರು. ಟ್ಯಾಂಕ್ ಹೋದರೆ ನನ್ನ ರೂಂ ಬಾಡಿಗೆಯೂ ಹೋದಂತೆ.

ಮೊದಲು ಟ್ಯಾಂಕಿನ ನೀರನ್ನು ಟೆಸ್ಟ್ ಮಾಡಿದೆ. ನೈಟ್ರೇಟ್ ಹೆಚ್ಚುಕಮ್ಮಿ ಸೊನ್ನೆ! ಇದನ್ನು ನಂಬಿ ಕೂತರೆ ಕೆಲಸ ಕೆಟ್ಟಿತು. ನೀರಿಗೆ ಬಂದ ನೈಟ್ರೇಟನ್ನು ಪಾಚಿ ಆಗಿಂದಾಗಲೇ ತಿಂದು ಮುಗಿಸಿದರೆ ಕಿಟ್‌ಗೆ ಏನು ಸಿಗುತ್ತೆ? ಊಟ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಕ್ಲಿನಿಕ್‌ನ ಬೋರ್‌ವೆಲ್ ನಲ್ಲಿಯ ನೀರನ್ನು ಅದೇ ಕಿಟ್‌ಗೆ ಹಾಕಿದೆ. ಬಣ್ಣ ಕೆಂಪಗೆ ತಿರುಗಿತು.

ತೋಟಕ್ಕೆ ಹಾಕುವ ಯೂರಿಯಾ, ತಿಪ್ಪೆಗುಂಡಿ, ಶೌಚದ ಗುಂಡಿ ಎಲ್ಲದರ ಸಾರಜನಕ ಇಳಿದು ಅಂತರ್ಜಲದಲ್ಲಿ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರಬಹುದು ಅನ್ನುತ್ತದೆ ಭಾರತೀಯ ಮಾನಕ. ಉಪ್ಪುನೀರಿನ ಟ್ಯಾಂಕ್ ಸಾಕುವವರು 5ರಿಂದ 10 ದಾಟದಂತೆ ನೋಡಿಕೊಳ್ಳುತ್ತಾರೆ. ಅಂದರೆ ನಮಗೆ ಒಳ್ಳೆಯ ನೀರೇ ಪಾಚಿಗೆ ಬಾಡೂಟ. ಸಾಲದ್ದಕ್ಕೆ, ಆವಿಯಾಗುವುದು ನೀರು ಮಾತ್ರ. ಉಪ್ಪು, ನೈಟ್ರೇಟ್ ಅಲ್ಲೇ ಉಳಿಯುತ್ತವೆ. ದಿನಾ ಅದೇ ಬೋರ್ ನೀರನ್ನು ಮೇಲೆ ತುಂಬಿಸುತ್ತಿದ್ದರು. ಪಾಚಿ ಹೆಚ್ಚಾಯಿತೆಂದು ಇನ್ನಷ್ಟು ನೀರು ಬದಲಾಯಿಸುತ್ತಿದ್ದರು. ಬದಲಾಯಿಸಿದಷ್ಟೂ ಬಡಿಸಿದಂತೆ.

5 ರೂಪಾಯಿ ಕಾಯಿನ್ ಹಾಕಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ನೋಡಿದೆ. ಆರ್‌ಓ ನೀರೇ, ಆದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸಲಿಲ್ಲ. ಕೊನೆಗೆ ಡಾಕ್ಟ್ರು ಆರ್‌ಓ ಜೊತೆಗೆ ಡಿಐ ರೆಸಿನ್ ಇರುವ ಫಿಲ್ಟರ್ ಹಾಕಿಸಿದರು. ಅದರಿಂದ ಬರುವ ನೀರಿನಲ್ಲಿ ಏನೂ ಇಲ್ಲ, ಕುಡಿದರೆ ಸಪ್ಪೆ. 20 ಲೀಟರಿಗೆ ಸುಮಾರು 700 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಕಲಸಿ, ಸಾಂದ್ರತೆ 1.025 ಬಂದ ಮೇಲೇ ಟ್ಯಾಂಕಿಗೆ ಸುರಿಯುವುದು. ಆವಿಯಾದದ್ದಕ್ಕೆ ಮಾತ್ರ ಉಪ್ಪಿಲ್ಲದ ನೀರು.

ಉಳಿದದ್ದು ಮೈಮುರಿಯುವ ಕೆಲಸ. ಒಂದೊಂದೇ ಬಂಡೆಯನ್ನು ಟ್ಯಾಂಕಿನ ನೀರು ತುಂಬಿದ ಬಕೆಟ್ಟಿಗಿಳಿಸಿ, ಹಳೇ ಟೂತ್ ಬ್ರಶ್ಶಿನಲ್ಲಿ ಉಜ್ಜಿ, ಕಿತ್ತ ಪಾಚಿಯನ್ನು ಹೊರಗೆ ಚೆಲ್ಲಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಟೂತ್ ಬ್ರಶ್ಶಿಗೇನು ಬರ! ಕಾಂಪೌಂಡರ್ ಅಣ್ಣ ಮೀನಿಗೆ ಹಾಕುತ್ತಿದ್ದ ಆಹಾರ ಅರ್ಧಕ್ಕಿಳಿಯಿತು, ದೀಪ 12 ಗಂಟೆಯಿಂದ 7 ಗಂಟೆಗೆ ಇಳಿಯಿತು. ಪಾಚಿ ತಿನ್ನುವ ನಾಲ್ಕು ಟರ್ಬೋ ಬಸವನಹುಳುಗಳನ್ನೂ ಬಿಟ್ಟೆವು. ಉದ್ದ ಕೂದಲನ್ನು ಅವು ಮುಟ್ಟಲೇ ಇಲ್ಲ, ಚಿಗುರನ್ನು ಮಾತ್ರ ಮೇಯುತ್ತವೆ.

ತಿಂಗಳು ತುಂಬಿದಾಗ ಅರ್ಧ ಪಾಚಿ ಹಾಗೇ ಇತ್ತು. ಬಂಡೆ ಹೀರಿಕೊಂಡ ಫಾಸ್ಫೇಟ್ ನಿಧಾನಕ್ಕೆ ಹೊರಬರುತ್ತದೆ, ಇನ್ನೂ ಸಮಯ ಬೇಕು ಎಂದು ಡಾಕ್ಟ್ರಿಗೆ ವಿವರಿಸಿದೆ. 'ಸರಿ, ಇನ್ನೂ ಎರಡು ತಿಂಗಳು' ಅಂದರು. ಮೂರನೇ ತಿಂಗಳು ಬಂಡೆಯ ಬಣ್ಣ ಕಾಣಿಸಿತು.

ಈಗ ಹೊಸ ಟ್ಯಾಂಕ್ ಒಪ್ಪಿಕೊಳ್ಳುವ ಮುಂಚೆ ಮೀನು ಯಾವುದು ಅಂತ ಕೇಳುವುದಿಲ್ಲ, ನೀರು ಎಲ್ಲಿಯದು ಅಂತ ಕೇಳುತ್ತೇನೆ. ಮೊನ್ನೆ ರಜೆಗೆ ಊರಿಗೆ ಹೋದಾಗ ನಮ್ಮ ತೆಂಗಿನ ತೋಟದ ಬೋರ್ ನೀರನ್ನೂ ಟೆಸ್ಟ್ ಮಾಡಿದೆ. ಅಲ್ಲೂ ಕೆಂಪೇ. ಅಪ್ಪ ಕಿಟ್ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. 'ಹಂಗಾದ್ರೆ ನಾವು ಹಾಕಿದ ಗೊಬ್ಬರ ಎಷ್ಟು ಗಿಡಕ್ಕೆ ಹೋಯ್ತೋ' ಅಂದರು.