ಕಣಜದ ಬಾಗಿಲು ಮೇಜಾದ ಬಗೆ

ಮುಂಬಯಿಯಲ್ಲಿ ಸಂಸಾರ ಹೂಡಿದವರು ಮೊದಲು ಕಲಿಯಬೇಕಾದ ವಿದ್ಯೆ ಅಳತೆಯದು. ಊರಿನಲ್ಲಿ ನಾವು ಮನೆಯನ್ನು ಚಾವಡಿ, ಜಗಲಿ, ಅಂಗಳ ಎಂದು ಎಣಿಸುತ್ತಿದ್ದೆವು. ಇಲ್ಲಿ ಚದರಡಿಯಲ್ಲಿ ಎಣಿಸುತ್ತೇವೆ. 1920ರ ದಶಕದಲ್ಲಿ ವರಳಿ, ನಾಯಗಾಂವ್, ಶಿವಡಿ ಮೊದಲಾದ ಕಡೆಗಳಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿಯೆಂದರೆ 160 ಚದರಡಿ. ಅಡಿಗೆ, ಊಟ, ನಿದ್ರೆ, ಮಕ್ಕಳ ಓದು, ಬಂದ ನೆಂಟರ ಉಪಚಾರ ಎಲ್ಲವನ್ನೂ ಅಷ್ಟರೊಳಗೇ ನಡೆಸಿ ತಲೆಮಾರುಗಳೇ ಬಾಳಿದುವು. ಭಾಂಡುಪಿನ ನಮ್ಮ ಮನೆ ಅದಕ್ಕಿಂತ ದೊಡ್ಡದೇ, ಸುಳ್ಳು ಹೇಳಬಾರದು. ಆದರೂ ಮಗಳು ಐದನೆಯ ಇಯತ್ತೆಗೆ ಬಂದು, ಓದಲು ಒಂದು ಮೇಜು ಬೇಕೆಂದಾಗ, ಅಂಗಡಿಯಲ್ಲಿ ಕಂಡ ಯಾವ ಮೇಜೂ ನಮ್ಮ ಮನೆಯಲ್ಲಿ ಕೂರುವಂತಿರಲಿಲ್ಲ. ಮೇಜನ್ನಿಟ್ಟರೆ ಕಪಾಟು ತೆರೆಯದು. ಕಪಾಟು ತೆರೆದರೆ ಕುರ್ಚಿ ಹಿಡಿಯದು.

ಅಂಗಡಿಯ ಸಾಮಾನು ಯಾರದೋ ಮನೆಯ ಅಳತೆಗೆ ಆದದ್ದು. ನಮ್ಮ ಮನೆಯ ಅಳತೆಗೆ ಬೇಕಾದರೆ ನಾವೇ ಮಾಡಿಕೊಳ್ಳಬೇಕು. ಈ ಮರಗೆಲಸದ ಹುಚ್ಚು ನಮಗೆ ಹಿಡಿದದ್ದು ಹೀಗೆ.

ಕಚೇರಿಯಲ್ಲಿ ಕಡತ ಕಟ್ಟುವ ಕೈಗೆ ಉಳಿ ಹಿಡಿಯಲು ಬರುತ್ತದೆಯೇ ಎಂದು ನಮ್ಮ ಮನೆಯವರು ನಕ್ಕರು. ಅದೃಷ್ಟಕ್ಕೆ ಕೆಳಗಿನ ಮಹಡಿಯಲ್ಲಿ ನಮ್ಮ ಕಡೆಯವರೇ ಆದ ಒಬ್ಬ ಮೇಸ್ತ್ರಿಯವರಿದ್ದಾರೆ. ಮೂವತ್ತು ವರ್ಷದಿಂದ ಈ ಶಹರದ ಮನೆಗಳಿಗೆ ಬಾಗಿಲು, ಕಪಾಟು ಮಾಡಿಕೊಟ್ಟವರು. "ರಾಯರೆ, ಮೊದಲು ಹಾಳಾದರೂ ಬೇಸರವಾಗದ ಮರದಲ್ಲಿ ಕೈ ಪಳಗಿಸಿಕೊಳ್ಳಿ" ಎಂದರು ಅವರು.

ಅಂಥ ಮರ ಈ ಬಂದರಿನ ಊರಿನಲ್ಲಿ ಬೇಕಾದಷ್ಟು. ಹೊರದೇಶಗಳಿಂದ ಬರುವ ಸರಕಿನ ಪೆಟ್ಟಿಗೆ, ಅಟ್ಟೆಗಳ ಹಲಗೆ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹಲಗೆಯ ಮೇಲಿನ ಮುದ್ರೆಯಲ್ಲಿ ಎಚ್.ಟಿ. ಎಂದಿದ್ದರೆ ಹುಳು ಸಾಯುವಂತೆ ಮರವನ್ನು ಕಾಯಿಸಿದ್ದಾರೆಂದು ಅರ್ಥ, ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದಾರೆಂದು. ಎರಡನೆಯದನ್ನು ಮನೆಯೊಳಗೆ ತರಬಾರದು. ಹೊಸ ಮರ ಬೇಕಾದವರಿಗೆ ರೇ ರೋಡಿನ ಮರದ ವಖಾರಿಗಳಿವೆ. ಹತ್ಯಾರಗಳಿಗೆ ನಾಗದೇವಿ ಸ್ಟ್ರೀಟ್, ಮೊಳೆ ಬಿಜಾಗರಿಗಳಿಗೆ ಲೋಹಾರ್ ಚಾಳ್. ಒಂದು ಗರಗಸ, ಎರಡು ಉಳಿ, ಒಂದು ಕೊಡತಿ, ಕೈ ಬೈರಿಗೆ, ಮೂಲೆಮಟ್ಟ, ಇಲ್ಲಿಯವರು ರಂಧಾ ಎನ್ನುವ ಉಜ್ಜುಗೊರಡು: ಮೊದಲ ವರ್ಷಕ್ಕೆ ಇಷ್ಟು ಸಾಕು.

ಏಪ್ರಿಲ್ ತಿಂಗಳಲ್ಲಿ ನಾವು ಒಂದು ಪುಟ್ಟ ಗೂಡು ಕಪಾಟು ಮಾಡಿದೆವು. ಬಾಗಿಲು ಚೌಕಟ್ಟಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಬಂದವರಿಗೆಲ್ಲ ತೆರೆದು ಮುಚ್ಚಿ ತೋರಿಸಿದ್ದೇ ತೋರಿಸಿದ್ದು. ಜುಲೈ ಬಂತು, ಬಾಗಿಲು ಮುಚ್ಚಲೊಲ್ಲದು. ಸಿಟ್ಟಿನಿಂದ ಅಂಚನ್ನು ಉಜ್ಜಿ ಸರಿಮಾಡಿದೆವು. ಜನವರಿ ಬಂತು, ಆ ಸಂದಿಯಲ್ಲಿ ಜಿರಲೆ ಧಾರಾಳವಾಗಿ ಹೋಗಿ ಬರತೊಡಗಿತು!

ಮೇಸ್ತ್ರಿಯವರು ನಗಲಿಲ್ಲ. "ಕಡಿದರೂ ಮರ ಉಸಿರಾಡುತ್ತದೆ, ರಾಯರೆ" ಎಂದು ವಿವರಿಸಿದರು. ಮರವು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಉದ್ದಕ್ಕೆ ಈ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ; ಎಲ್ಲ ಅಗಲಕ್ಕೇ. ಒಂದಡಿ ಅಗಲದ ಹಲಗೆ ಮುಂಬಯಿಯ ಮಳೆಗಾಲದಲ್ಲಿ ಎರಡು ಮೂರು ಮಿಲಿಮೀಟರ್ ಹಿಗ್ಗುವುದು ವಿಶೇಷವಲ್ಲ. ಹಾಗಾದುದರಿಂದ ಬಲ್ಲವರು ಬೇಸಿಗೆಯಲ್ಲಿ ಕೆಲಸ ಮಾಡಿದರೆ ಸಂದಿ ಬಿಡುತ್ತಾರೆ. ಪ್ಲೈವುಡ್ಡಿಗೆ ಈ ಕಾಟ ಅಷ್ಟಿಲ್ಲ. ಅದರಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡ-ಉದ್ದವಾಗಿ ಅಂಟಿಸಿರುವುದರಿಂದ ಒಂದು ಇನ್ನೊಂದನ್ನು ಹಿಗ್ಗಗೊಡುವುದಿಲ್ಲ. ಅಡಿಗೆಮನೆ, ಮೋರಿಯ ಬಳಿಗೆ ಪ್ಲೈವುಡ್ ಕೊಳ್ಳುವವರು ಐ.ಎಸ್. 710 ಎಂಬ ಮುದ್ರೆ ನೋಡಿ ಕೊಳ್ಳಬೇಕು. ನೀರಿಗೆ ತಾಳುವ ಜಾತಿ ಅದು.

ಅಂಟಿನ ವಿಷಯವನ್ನೂ ಹೇಳಬೇಕು. ಹಿಂದೆ ಬಡಗಿಗಳು ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಅಂಟನ್ನು ಬೆಂಕಿಯ ಮೇಲೆ ಕುದಿಸಿ ಬಳಿಯುತ್ತಿದ್ದರು. ಅದರ ನಾತ ಕೇರಿಗೆಲ್ಲ ಹರಡುತ್ತಿತ್ತಂತೆ. ಆ ಕಷ್ಟ ತಪ್ಪಿದ್ದು ಈ ಮುಂಬಯಿಯಲ್ಲಿ 1959ರಲ್ಲಿ ಉದ್ಯಮ ಆರಂಭಿಸಿದ ಬಲವಂತ ಪಾರೇಖರ ಬಿಳಿಯ ಫೆವಿಕಾಲಿನಿಂದ. ಕಾನೂನು ಓದಿದ್ದ ಪಾರೇಖರು ಹಿಂದೊಮ್ಮೆ ಮರದ ವ್ಯಾಪಾರಿಯೊಬ್ಬರಲ್ಲಿ ಜವಾನರಾಗಿದ್ದವರು. ಬಡಗಿಯ ಕಷ್ಟವನ್ನು ಹತ್ತಿರದಿಂದ ಕಂಡವರಿಗೇ ಅದರ ಪರಿಹಾರವೂ ಹೊಳೆಯಿತು.

ಇರಲಿ. ಮೇಜಿನ ಮಾತಿಗೆ ಬರೋಣ. ಇಷ್ಟರಲ್ಲಿ ಊರಿನಲ್ಲಿ ಹಿಸ್ಸೆಯಾಗಿ ನಮ್ಮ ಹಳೆಯ ಮನೆಯನ್ನು ಇಳಿಸಬೇಕಾಗಿ ಬಂತು. ತಂದೆಯವರು ಏನನ್ನೂ ಕೇಳಲಿಲ್ಲ. ಬತ್ತ ತುಂಬುವ ಕಣಜದ ಕೋಣೆಯ ಬಾಗಿಲೊಂದನ್ನು ಮಾತ್ರ ಗುಜರಿಯವನಿಗೆ ಕೊಡದೆ ಉಳಿಸಿಕೊಂಡಿದ್ದರು. ನಾಲ್ಕಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೇ ಹಲಗೆ, ಹಲಸಿನ ಮರ. ನಮ್ಮ ಕರಾವಳಿಯ ಮನೆಗಳ ಮರ ಅದು. ವೀಣೆ, ಮೃದಂಗಗಳೂ ಅದರಿಂದಲೇ ಆಗುತ್ತವೆ. ಹೊಸದರಲ್ಲಿ ಅರಿಶಿನದ ಬಣ್ಣ, ಹಳತಾದಂತೆ ಕಂದು. "ನಿನಗೆ ಬೇಕಾದರೆ ಒಯ್ಯಿ" ಎಂದರು ತಂದೆಯವರು. ಗೋಣಿಯಲ್ಲಿ ಸುತ್ತಿ, ಕೊಂಕಣ ರೈಲಿನ ಸೀಟಿನ ಕೆಳಗೆ ಮಲಗಿಸಿ ತಂದೆವು. 1998ರಲ್ಲಿ ಈ ದಾರಿ ಪೂರ್ಣವಾಗಿ ತೆರೆಯದಿದ್ದರೆ ಘಟ್ಟ ಸುತ್ತಿ ಬರುವ ಬಸ್ಸಿನ ಮಾಡಿನ ಮೇಲೆ ಅದನ್ನು ಕಟ್ಟಬೇಕಾಗಿತ್ತು.

ತಂದದ್ದೇನೋ ಸರಿ. ಆರು ತಿಂಗಳು ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ. ಪೆಟ್ಟಿಗೆಯ ಹಲಗೆ ಹಾಳಾದರೆ ಇನ್ನೊಂದುಂಟು. ಇದು ಹಾಳಾದರೆ ಇನ್ನೊಂದು ಎಲ್ಲಿಂದ ತರುವುದು? ಕೊನೆಗೆ ಮೇಸ್ತ್ರಿಯವರೇ ಒಂದು ಭಾನುವಾರ ಬಂದು, "ಮೂಲೆಯಲ್ಲಿಟ್ಟರೆ ಅದು ಮರವೂ ಅಲ್ಲ, ನೆನಪೂ ಅಲ್ಲ, ಧೂಳು ಅಷ್ಟೆ. ಕೆಲಸಕ್ಕೆ ತನ್ನಿ" ಎಂದರು.

ಹಳೆಯ ಮರದೊಳಗೆ ಮುರಿದ ಮೊಳೆಗಳು ಅಡಗಿರುತ್ತವೆ. ಅಯಸ್ಕಾಂತವನ್ನು ಮೇಲೆಲ್ಲ ಆಡಿಸಿ ಹುಡುಕಬೇಕೆಂದು ಹೇಳಿದ್ದರೂ ನಾವು ಅವಸರ ಮಾಡಿದೆವು. ಉಜ್ಜುಗೊರಡಿನ ಅಲಗಿನಲ್ಲಿ ಒಂದು ಹಲ್ಲು ಮುರಿಯಿತು. ಬುದ್ಧಿ ಬಂತು. ಅಡ್ಡಲಾಗಿ ಕೆಳಗೆ ಎರಡು ಪಟ್ಟಿ ಕೊಟ್ಟೆವು, ಹಲಗೆ ಸೊಟ್ಟಗಾಗದಿರಲೆಂದು. ಪಟ್ಟಿಯ ನಡುವಿನ ತಿರುಪನ್ನು ಮಾತ್ರ ಬಿಗಿದು, ಎರಡು ತುದಿಗಳ ತೂತುಗಳನ್ನು ಉದ್ದಕ್ಕೆ ಕೊರೆದೆವು. ಮಳೆಗಾಲದಲ್ಲಿ ಹಲಗೆ ಹಿಗ್ಗಿದರೆ ತಿರುಪು ಆ ತೂತಿನೊಳಗೆ ಸರಿಯುತ್ತದೆ. ಬಿಗಿದಿದ್ದರೆ ಹಲಗೆ ಸೀಳುತ್ತಿತ್ತು. ಉದ್ದದ ಬಿಜಾಗರಿಯಿಂದ ಗೋಡೆಗೆ ಕೂಡಿಸಿ, ಕೆಳಗೆ ಮಡಚುವ ಎರಡು ತೋಳು ಕೊಟ್ಟೆವು. ಓದುವಾಗ ಎತ್ತಿದರೆ ಮೇಜು. ಮಲಗುವಾಗ ಇಳಿಸಿದರೆ ಬರಿಯ ಗೋಡೆ.

ಎತ್ತರದಲ್ಲಿ ಒಂದು ಉಪಾಯವುಂಟು. ಮಗು ಬೆಳೆದಂತೆ ಗೋಡೆಯ ಮೇಜು ಬೆಳೆಯದು. ಆದಕಾರಣ ಮೇಜನ್ನು ದೊಡ್ಡವರ ಅಳತೆಗೆ, ಎಂದರೆ 29 ಅಂಗುಲಕ್ಕೆ ಕೂಡಿಸಿ, ಮಗುವಿಗೆ ಎತ್ತರದ ಸ್ಟೂಲು, ಕಾಲ ಕೆಳಗೊಂದು ಮಣೆ ಮಾಡಿದೆವು. ಕೂತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದ ಮಣೆಯ ಮೇಲೆ ಪೂರ್ತಿ ಊರಬೇಕು. ಮಗು ಬೆಳೆದಂತೆ ಸ್ಟೂಲನ್ನೂ ಮಣೆಯನ್ನೂ ತಗ್ಗಿಸುತ್ತ ಹೋದರಾಯಿತು.

ಕಡೆಗೆ ಅಗಸೆ ಎಣ್ಣೆ ತಿಕ್ಕಿದೆವು. ಗೃಹಿಣಿಯರು ಇದನ್ನು ಗಮನಿಸಬೇಕು: ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ, ಒಣಗಿದ ಮೇಲೆಯೇ ಎಸೆಯತಕ್ಕದ್ದು. ಮರದ ಧೂಳೂ ಕೆಟ್ಟದ್ದು. ಅದನ್ನು ಬಹುಕಾಲ ಉಸಿರಾಡುವುದು ಅರ್ಬುದ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 1995ರಲ್ಲೇ ಸಾರಿದ್ದಾರೆ. ಮೂಗಿಗೆ ಮುಸುಕು, ತೆರೆದ ಕಿಟಕಿ ಎರಡೂ ಬೇಕು. ನೆರೆಯವರ ನಿದ್ದೆಯ ಮೇಲೂ ಕನಿಕರವಿರಲಿ. ಪಕ್ಕದ ಮನೆಯ ಮರಾಠಿ ತಾಯಿ ತನ್ನ ಕೂಸು ಮಲಗುವ ವೇಳೆ ತಿಳಿಸಿದ್ದಾರೆ. ಆಗ ನಮ್ಮ ಸುತ್ತಿಗೆಯೂ ಮಲಗುತ್ತದೆ.

ಮೇಜಿಗೆ ಹಿಡಿದ ಹೊತ್ತು ಲೆಕ್ಕ ಹಾಕಿದೆವು, ಗುಮಾಸ್ತರ ಅಭ್ಯಾಸ: ಒಂಬತ್ತು ಭಾನುವಾರ. ಮೇಸ್ತ್ರಿಯವರಿಗೆ ಅದು ಒಂದು ದಿನದ ಕೆಲಸ. ಈ ಲೆಕ್ಕ ನಮ್ಮನ್ನು ನಾಚಿಸಿತು. ಹಿಂದೊಮ್ಮೆ ಬಾಗಿಲು ಸರಿಮಾಡಲು ಬಂದಿದ್ದ ಬಡಗಿಯೊಡನೆ, "ಅರ್ಧ ಗಂಟೆಯ ಕೆಲಸಕ್ಕೆ ಇಷ್ಟು ಕೂಲಿಯೇ?" ಎಂದು ಜಗಳವಾಡಿದ್ದೆವು. ಆ ಅರ್ಧ ಗಂಟೆಯ ಹಿಂದೆ ಎಷ್ಟು ವರ್ಷಗಳಿದ್ದುವೆಂಬುದು ನಮ್ಮ ಕೈಗೆ ಬೊಕ್ಕೆ ಬಂದ ಮೇಲೆ ತಿಳಿಯಿತು. ಈಗ ಕೂಲಿಯಲ್ಲಿ ಚೌಕಾಶಿ ಮಾಡುವುದನ್ನು ಬಿಟ್ಟಿದ್ದೇವೆ.

ಇನ್ನೊಂದು ಲಾಭ ಲೆಕ್ಕದಲ್ಲಿರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದುವ ಮಗಳು "ಅಪ್ಪಾ, ಕೊಡತಿ ಬೇಕೆ, ಸುತ್ತಿಗೆ ಬೇಕೆ?" ಎಂದು ಕೇಳುತ್ತಾಳೆ. ಉಳಿ, ಬೈರಿಗೆ, ಗರಗಸ ಎಂಬ ಮಾತುಗಳನ್ನು ಪುಸ್ತಕದಿಂದ ಕಲಿಸಲು ಹೊರಟಿದ್ದರೆ ಕಲಿಯುತ್ತಿದ್ದಳೋ ಇಲ್ಲವೋ. ಕೈಗೆ ಕೊಟ್ಟು ಕೇಳಿದ್ದರಿಂದ ನಾಲಗೆಗೆ ಬಂದುವು.

ಮೇ ತಿಂಗಳಲ್ಲಿ ತಂದೆಯವರು ಬಂದಿದ್ದರು. ಹಲಗೆಯ ಒಂದು ಅಂಚಿನಲ್ಲಿ ಹಿಂದಿನ ಅಗಳಿಯ ತೂತನ್ನು ನಾವು ಮುಚ್ಚದೆ ಬಿಟ್ಟಿದ್ದೆವು. ಮಗಳು ಅದರಲ್ಲಿ ಪೆನ್ಸಿಲ್ ನಿಲ್ಲಿಸುತ್ತಾಳೆ. ತಂದೆಯವರು ಪೆನ್ಸಿಲನ್ನು ತೆಗೆದು, ತೂತಿನಲ್ಲಿ ಬೆರಳಾಡಿಸಿ, "ಅಮ್ಮ ಬತ್ತ ಅಳೆಯಲು ದಿನಾ ತೆಗೆಯುತ್ತಿದ್ದ ಅಗಳಿ" ಎಂದರು. ಮತ್ತೆ ಪೆನ್ಸಿಲನ್ನು ಅಲ್ಲೇ ನಿಲ್ಲಿಸಿ, ಮೊಮ್ಮಗಳ ಗಣಿತದ ಪುಸ್ತಕ ತೆರೆದು ಕೂತರು.

ನಮ್ಮ ಓದುಗರಲ್ಲಿ ಎಷ್ಟೋ ಜನರ ಊರಮನೆಗಳು ಇಳಿಯುತ್ತಿವೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲೊಮ್ಮೆ ನೋಡಿ. ಒಂದು ಹಲಗೆ ಸಿಕ್ಕೀತು. ಆದರೆ ತರುವ ಮೊದಲು ಮುಂಬಯಿಯ ಗೋಡೆಯನ್ನು ಅಳೆದಿಟ್ಟುಕೊಳ್ಳಿ, ಅಷ್ಟನ್ನು ಮರೆಯಬೇಡಿ.