ಬಳ್ಳಾರಿ ಜಾಲಿಯೂ ನಮ್ಮ ಒಲೆಯೂ

ಹೆಸರಿನಲ್ಲಿ ನಮ್ಮ ಸೀಮೆಯನ್ನೇ ಹೊತ್ತಿದ್ದರೂ ಬಳ್ಳಾರಿ ಜಾಲಿ ನಮ್ಮ ನೆಲದ ಗಿಡವಲ್ಲ. ಅದರ ತವರು ಅಮೆರಿಕ ಖಂಡ. ಒಣ ಪ್ರದೇಶಗಳ ಉರುವಲಿನ ಅಭಾವವನ್ನು ನೀಗಿಸಲೆಂದು 1877ರಲ್ಲಿ ಅಂದಿನ ಮದರಾಸು ಪ್ರಾಂತದ ಅರಣ್ಯಾಧಿಕಾರಿಗಳು ಜಮೈಕಾ ದ್ವೀಪದಿಂದ ಇದರ ಬೀಜವನ್ನು ತರಿಸಿದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆಯು 1953ರವರೆಗೂ ಮದರಾಸಿನ ಆಡಳಿತದಲ್ಲಿಯೇ ಇದ್ದಿತು. ಇಂದು ಕಾನಹೊಸಹಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲಗಳಲ್ಲಿ ಈ ಮುಳ್ಳುಗಿಡವೇ ಕಣ್ಣಿಗೆ ಬೀಳುತ್ತದೆ.

ಇದನ್ನು ಬೈಯದ ರೈತನಿಲ್ಲ. ಕುರಿ, ಮೇಕೆ, ದನಗಳು ಇದರ ಸಿಹಿಗಾಯಿಯನ್ನು ತಿಂದು ಹೋದೆಡೆಯಲ್ಲೆಲ್ಲ ಬೀಜ ಬಿತ್ತುತ್ತವೆ. ಎಲೆಯನ್ನು ಮಾತ್ರ ಮುಟ್ಟುವುದಿಲ್ಲ. ಬೇರು ಬಲು ಆಳಕ್ಕಿಳಿಯುತ್ತದೆ. ಕಾಂಡವನ್ನು ಕಡಿದರೆ ಬುಡದಿಂದ ನಾಲ್ಕಾರು ಚಿಗುರುಗಳು ಏಳುತ್ತವೆ. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಬಡವರ ಒಲೆಯನ್ನು ಆರದಂತೆ ಕಾಯ್ದದ್ದೂ ಇದೇ ಗಿಡವೆಂಬುದನ್ನು ನಾವು ಮರೆಯಲಾಗದು. ಇದರ ಕಟ್ಟಿಗೆ ಗಟ್ಟಿ, ಕೆಂಡ ಬಹುಹೊತ್ತು ನಿಲ್ಲುತ್ತದೆ. ಹೊಲವಿಲ್ಲದ ಮನೆಗೆ ತೊಗರಿಕಟ್ಟಿಗೆಯೂ ಇಲ್ಲ, ದನವಿಲ್ಲದ ಮನೆಗೆ ಕುಳ್ಳೂ ಇಲ್ಲ. ಅಂಥವರಿಗೆ ಉಳಿದುದು ಜಾಲಿಯ ಹೊರೆಯೊಂದೇ.

ಈಗ ಈ ಪ್ರಶ್ನೆಗೆ ಹೊಸ ತುರ್ತು ಬಂದಿದೆ. ಕಾಲುವೆಯ ನೀರು ಏರದ ಕೂಡ್ಲಿಗಿ ಸೀಮೆಯ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ತುಂಬಿಸುವ ಯೋಜನೆಯನ್ನು ಸರ್ಕಾರ ಕೈಗೊಂಡಿದೆ. ಹೂಳು ಹಾಗೂ ಜಾಲಿ ತುಂಬಿದ ಕೆರೆಗೆ ನೀರು ತಂದರೆ ನಿಲ್ಲುವುದೆಷ್ಟು? ಕೆರೆಯಂಗಳದ ಜಾಲಿಯನ್ನು ಬುಡಸಹಿತ ಕೀಳಲೇಬೇಕು. ಆದರೆ ಅದನ್ನೇ ನಂಬಿದ ತಾಯಂದಿರು ಮರುದಿನ ಯಾವ ಕಟ್ಟಿಗೆಯಿಂದ ರೊಟ್ಟಿ ಸುಡಬೇಕೆಂಬುದನ್ನು ಯಾರೂ ಕೇಳದಿದ್ದರೆ, ಉಳಿದ ಬೇವು, ಹುಣಸೆ ಮರಗಳಿಗೇ ಕೊಡಲಿ ಬಿದ್ದೀತು.

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳಿಗೂ ಗ್ಯಾಸ್ ಬಂದಿದೆ, ನಿಜ. ಆದರೆ ಸಿಲಿಂಡರು ತೀರಿದಾಗ ಮತ್ತೊಂದನ್ನು ಕೊಳ್ಳಲು ಕೂಲಿಯ ಹಣ ಸಾಲದ ಮನೆಗಳಲ್ಲಿ ಚಹಾಕ್ಕೆ ಗ್ಯಾಸು, ಅಡುಗೆಗೆ ಕಟ್ಟಿಗೆ ಎಂಬಂತಾಗಿದೆ. ಹೊಗೆಯ ಕೇಡು ಸಣ್ಣದಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಸುನೀಗಿದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ತಾಯಂದಿರು, ಅವರ ಮಡಿಲಲ್ಲಿರುವ ಕೂಸುಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿದ ಅಸ್ತ್ರ ಒಲೆಯು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ, ಕಟ್ಟಿಗೆಯನ್ನೂ ಉಳಿಸುತ್ತದೆ. ಕಟ್ಟಿಗೆ ಬಿಡಲಾಗದ ಮನೆಯಲ್ಲಿ ಇಂಥ ಒಲೆಯಾದರೂ ಇರಲಿ. ಎರಡು ದನಗಳಿದ್ದವರು ಗೋಬರ್ ಗ್ಯಾಸ್ ಹಾಕಿಸಿದರೆ ಒಲೆಗೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಕುಳ್ಳು ಸುಟ್ಟರೆ ಆ ಗೊಬ್ಬರ ಬೂದಿಯಾಗುತ್ತದೆ.

ಆದುದರಿಂದ ಕೀಳುವ ಮೊದಲೇ ನೆಡುವ ಕೆಲಸವಾಗಬೇಕು. ಹೊಲದ ಬದುವಿನಲ್ಲಿ ಹೊಂಗೆ, ಬೇವು. ಗೋಮಾಳದ ಅಂಚಿನಲ್ಲಿ ಹುಣಸೆ, ಕರಿಜಾಲಿ. ಇವು ಮಳೆ ಕಡಿಮೆಯಾದರೂ ತಡೆದುಕೊಳ್ಳುವ ಜಾತಿಗಳು. ಹೊಂಗೆಯ ಸೊಪ್ಪು ಗೊಬ್ಬರಕ್ಕೆ, ಬೀಜ ಎಣ್ಣೆಗೆ, ಸವರಿದ ಕೊಂಬೆ ಒಲೆಗೆ ಒದಗುತ್ತದೆ. ಮೊದಲೆರಡು ಬೇಸಿಗೆ ಕೊಡ ನೀರು ಹಾಕಿ, ಮೇಕೆಯಿಂದ ಕಾಯಬೇಕು. ಬೇಲಿಗೆ ಕಿತ್ತ ಜಾಲಿಯ ಮುಳ್ಳೇ ಸಾಕು. ಕಿತ್ತ ಜಾಲಿಯನ್ನು ಇಟ್ಟಿಗೆ ಭಟ್ಟಿಗೆ ಮಾರದೆ, ಮೊದಲ ಪಾಲನ್ನು ಊರಿನ ಬಡ ಮನೆಗಳಿಗೆ ಹಂಚುವುದು ನ್ಯಾಯ.

ಉಜ್ಜಿನಿಯ ಮರುಳಸಿದ್ಧೇಶ್ವರ, ಕೊಟ್ಟೂರಿನ ಗುರು ಬಸವೇಶ್ವರ ಸನ್ನಿಧಿಗಳಿಗೆ ಜಾತ್ರೆಯಲ್ಲಿ ಸೇರುವ ಭಕ್ತರು ಅಸಂಖ್ಯ. ಶರಣರು ಕಾಯಕವನ್ನೂ ದಾಸೋಹವನ್ನೂ ಬೇರೆಮಾಡಿ ನೋಡಲಿಲ್ಲ. ದಾಸೋಹಕ್ಕೆ ಅಕ್ಕಿ, ಬೇಳೆ ಅರ್ಪಿಸುವ ನಾವು, ಅದನ್ನು ಬೇಯಿಸುವ ಬೆಂಕಿಗೂ ಯಾವುದೋ ಮರ ಉರಿದಿದೆಯೆಂದು ಎಣಿಸಬೇಡವೆ? ಮದುವೆ, ಅಯ್ಯಾಚಾರ, ಗೃಹಪ್ರವೇಶಗಳಲ್ಲಿ ಪ್ರತಿ ಮನೆತನವೂ ಎರಡು ಸಸಿ ನೆಟ್ಟು ಎರಡು ಬೇಸಿಗೆ ಕಾಯುವ ಹೊಣೆ ಹೊರಲಿ. ಈ ಮುಂಗಾರಿನಲ್ಲಿಯೇ ನಮ್ಮ ನಮ್ಮ ಬದುವಿನಿಂದ ಅದನ್ನು ಆರಂಭಿಸೋಣ.