ತೋಟದ ನಾಯಿಗೆ ಬಿಡದ ಚರ್ಮರೋಗ: ಆರೈಕೆ ಎಲ್ಲಿಯವರೆಗೆ?

ತೋಟದ ಮನೆಯಲ್ಲಿ ವಾಸಮಾಡುವ ರೈತ ಬಾಂಧವರಿಗೆ ನಾಯಿ ಬರೀ ಕಾವಲಿನ ಪ್ರಾಣಿಯಲ್ಲ. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೊರಟರೆ ಅದು ಮುಂದೆ ನಡೆಯುತ್ತದೆ. ಹಂದಿ ಬಂದರೆ ಬೊಗಳಿ ಎಬ್ಬಿಸುತ್ತದೆ, ಮಕ್ಕಳ ಜೊತೆ ಬೆಳೆಯುತ್ತದೆ. ಇಂಥ ನಾಯಿಗೆ ಚರ್ಮರೋಗ ತಗುಲಿ ತಿಂಗಳುಗಟ್ಟಲೆ ವಾಸಿಯಾಗದಿದ್ದರೆ ಮನೆಯವರ ಸಂಕಟ ಅಷ್ಟಿಷ್ಟಲ್ಲ. ಕೂದಲು ಉದುರುತ್ತದೆ, ಕೀವು ಸೋರುತ್ತದೆ, ದುರ್ವಾಸನೆ ಹೊಡೆಯುತ್ತದೆ, ರಾತ್ರಿಯಿಡೀ ಕೆರೆಯುವ ಸದ್ದು. ಕೊನೆಗೆ ಒಂದು ದಿನ ಮನೆಯಲ್ಲಿ ಯಾರಾದರೂ, "ಇದನ್ನು ಎಲ್ಲಾದರೂ ಬಿಟ್ಟು ಬನ್ನಿ" ಎನ್ನುತ್ತಾರೆ.

ಹಲವು ವರ್ಷಗಳ ಹಿಂದೆ ರೈತರೊಬ್ಬರು ಎರಡು ವರ್ಷದ ತಮ್ಮ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ಆಸ್ಪತ್ರೆಗೆ ತಂದಿದ್ದರು. ಮೈಮೇಲೆ ಅರ್ಧದಷ್ಟು ಕೂದಲಿರಲಿಲ್ಲ. "ಡಾಕ್ಟ್ರೇ, ಎಂಟು ತಿಂಗಳಾಯಿತು. ಕಂಡವರು ಹೇಳಿದ್ದನ್ನೆಲ್ಲಾ ಮಾಡಿದೆ. ಇನ್ನು ನೋಡಲಾರೆ, ಒಂದು ಸೂಜಿ ಹಾಕಿ ಮುಗಿಸಿಬಿಡಿ" ಎಂದರು. ಅವರ ಕಣ್ಣು ತುಂಬಿತ್ತು. ಎಂಟು ತಿಂಗಳಲ್ಲಿ ಆ ನಾಯಿಯ ಚರ್ಮವನ್ನು ಒಮ್ಮೆಯೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿರಲಿಲ್ಲ. ರೋಗ ಯಾವುದೆಂದು ತಿಳಿಯದೆ ಕೈಬಿಡುವುದು ಸರಿಯಲ್ಲವೆಂದು ಹೇಳಿ, ಮೊದಲು ಚರ್ಮ ಕೆರೆದು ನೋಡಿದೆವು.

ಕಜ್ಜಿ ಎಲ್ಲಾ ಒಂದೇ ಅಲ್ಲ

ನಾವು "ಕಜ್ಜಿ" ಎಂದು ಕರೆಯುವುದರಲ್ಲಿ ಹಲವು ರೋಗಗಳು ಅಡಗಿವೆ.

ತುರಿಕಜ್ಜಿ: ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮದೊಳಗೆ ಬಿಲ ಕೊರೆಯುವುದರಿಂದ ಬರುತ್ತದೆ. ಕಿವಿಯ ಅಂಚು, ಮೊಣಕೈ ಮತ್ತು ಹೊಟ್ಟೆಯ ಭಾಗದಲ್ಲಿ ಹೆಚ್ಚು. ತುರಿಕೆ ವಿಪರೀತ. ಒಂದು ನಾಯಿಯಿಂದ ಮತ್ತೊಂದಕ್ಕೆ ಬೇಗ ಹರಡುತ್ತದೆ, ಎತ್ತಿ ಆಡಿಸುವವರಿಗೂ ಕೆಲಕಾಲ ತುರಿಕೆ ತಗಲಬಹುದು. ಮನೆಯ ಎಲ್ಲಾ ನಾಯಿಗಳಿಗೂ ಏಕಕಾಲಕ್ಕೆ ಚಿಕಿತ್ಸೆ ಮಾಡಿದರೆ ಪೂರ್ಣ ವಾಸಿಯಾಗುತ್ತದೆ.

ಡೆಮೊಡೆಕ್ಸ್ ಕಜ್ಜಿ: ಈ ನುಸಿ ಕೂದಲಿನ ಬುಡದಲ್ಲಿ ವಾಸಿಸುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಮೊಲೆಯುಣ್ಣುವಾಗಲೇ ಮರಿಗೆ ಬಂದಿರುತ್ತದೆ. ಆರೋಗ್ಯವಂತ ನಾಯಿಯಲ್ಲೂ ಅಲ್ಪಸ್ವಲ್ಪ ಇರುತ್ತದೆ. ಮೈಯ ಪ್ರತಿರೋಧ ಶಕ್ತಿ ಕುಂದಿದಾಗ ವೃದ್ಧಿಯಾಗಿ ರೋಗವಾಗುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಮರಿಗಳಲ್ಲಿ ಕಣ್ಣಿನ ಸುತ್ತ ಒಂದೆರಡು ಬೋಳು ಮಚ್ಚೆ ಇದ್ದರೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಮೈಯೆಲ್ಲಾ ಹಬ್ಬಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಅಂಥ ನಾಯಿಯನ್ನು ಮರಿ ಮಾಡಿಸಲು ಬಳಸಬಾರದು.

ಹುಳುಕಡ್ಡಿ: ಶಿಲೀಂಧ್ರದಿಂದ ಬರುವ ದುಂಡನೆಯ ಬೋಳು ಮಚ್ಚೆ. ಮಕ್ಕಳಿಗೆ ಹರಡುತ್ತದೆ, ಎಚ್ಚರಿಕೆ ಅಗತ್ಯ.

ಚಿಗಟದ ಅಲರ್ಜಿ: ಸೊಂಟ ಮತ್ತು ಬಾಲದ ಬುಡದಲ್ಲಿ ಕೂದಲು ಉದುರುತ್ತದೆ. ಮೈಗೆ ಒಗ್ಗದ ನಾಯಿಗೆ ನಾಲ್ಕಾರು ಚಿಗಟ ಕಚ್ಚಿದರೂ ಸಾಕು.

ವಂಶಪಾರಂಪರ್ಯದ ಅಲರ್ಜಿ: ಸಾಮಾನ್ಯವಾಗಿ 1ರಿಂದ 3 ವರ್ಷದ ವಯಸ್ಸಿನಲ್ಲಿ ಆರಂಭವಾಗುತ್ತದೆ. ನಾಯಿ ಪಾದ ನೆಕ್ಕುತ್ತದೆ, ಕಿವಿ ಮತ್ತೆ ಮತ್ತೆ ಸೋರುತ್ತದೆ. ಇದು ಮನುಷ್ಯರ ಸಕ್ಕರೆ ಕಾಯಿಲೆಯ ಹಾಗೆ. ಹಿಡಿತದಲ್ಲಿಡಬಹುದು, ಬೇರುಸಹಿತ ಕೀಳಲಾಗದು.

ಇವಲ್ಲದೆ ಆಹಾರದ ಅಲರ್ಜಿ ಮತ್ತು ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಚರ್ಮ ಕೆಡುತ್ತದೆ. ರೋಗ ಯಾವುದೆಂಬುದರ ಮೇಲೆಯೇ ಖರ್ಚು, ಕಾಲ ಮತ್ತು ಫಲಿತಾಂಶ ನಿಂತಿವೆ. ಆದ್ದರಿಂದ ಚರ್ಮ ಕೆರೆದು ಪರೀಕ್ಷಿಸುವಂತೆ ಪಶುವೈದ್ಯರನ್ನು ನೀವೇ ಕೇಳಿರಿ. ತುರಿಕಜ್ಜಿಯ ನುಸಿ ಕೆಲವೊಮ್ಮೆ ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಆಗ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡಬೇಕಾಗುತ್ತದೆ.

ಮಾಡಬಾರದ ಕೆಲಸಗಳು

ವಾಹನದ ಹಳೆಯ ಎಂಜಿನ್ ಎಣ್ಣೆ ಅಥವಾ ಸೀಮೆಎಣ್ಣೆ ಬಳಿಯುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು. ಇವು ಚರ್ಮವನ್ನು ಸುಡುತ್ತವೆ. ನಾಯಿ ನೆಕ್ಕಿದಾಗ ವಿಷ ಹೊಟ್ಟೆಗೂ ಸೇರುತ್ತದೆ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಎಂದಿಗೂ ಹಾಕಬೇಡಿ, ಪ್ರಾಣಕ್ಕೇ ಅಪಾಯ. ದನಗಳಿಗೆಂದು ತಂದಿಟ್ಟ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ಕೊಡುವುದೂ ಸಲ್ಲದು. ಕೋಲಿ ಜಾತಿಯ ನಾಯಿಗಳಲ್ಲಿ ಅನೇಕಕ್ಕೆ ಈ ಮದ್ದು ಮಿದುಳಿಗೆ ಏರಿ ಮಾರಕವಾಗಬಲ್ಲದು.

"ತುರಿಕೆ ನಿಲ್ಲಿಸುವ ಸೂಜಿ"ಯ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕು. ಇದು ಬಹುಮಟ್ಟಿಗೆ ಸ್ಟೀರಾಯ್ಡ್ ಆಗಿರುತ್ತದೆ. ಅಲರ್ಜಿಯಲ್ಲಿ ವೈದ್ಯರು ಅಳೆದು ಕೊಟ್ಟರೆ ಉಪಕಾರಿ. ಡೆಮೊಡೆಕ್ಸ್ ಮತ್ತು ಹುಳುಕಡ್ಡಿಯಲ್ಲಿ ಕೆಲವು ದಿನ ಸುಖವೆನಿಸಿ ಅನಂತರ ರೋಗ ಉಲ್ಬಣಿಸುತ್ತದೆ. ಮೇಲೆ ಹೇಳಿದ ನಾಯಿಗೆ ಆಗಿದ್ದೂ ಇದೇ. ಅದಕ್ಕಿದ್ದದ್ದು ಡೆಮೊಡೆಕ್ಸ್, ಹಾಕಿಸುತ್ತಾ ಬಂದದ್ದು ತುರಿಕೆಯ ಸೂಜಿ.

ಚಿಕಿತ್ಸೆ ಮತ್ತು ದಿನನಿತ್ಯದ ಆರೈಕೆ

ಕಳೆದ ಒಂದು ದಶಕದಲ್ಲಿ ನುಸಿ, ಚಿಗಟ, ಉಣ್ಣೆ ಮೂರನ್ನೂ ಕೊಲ್ಲುವ ಹೊಸ ಗುಳಿಗೆಗಳು ಬಂದಿವೆ. ಫ್ಲುರಲಾನರ್, ಅಫಾಕ್ಸೊಲಾನರ್ ಮೊದಲಾದವು ಈ ಗುಂಪಿಗೆ ಸೇರಿವೆ. ಒಂದು ಗುಳಿಗೆ ಜಾತಿಗನುಸಾರ 1ರಿಂದ 3 ತಿಂಗಳು ಕೆಲಸ ಮಾಡುತ್ತದೆ. ಬೆಲೆ ಹೆಚ್ಚೆನಿಸಿದರೂ, ಗೊತ್ತುಗುರಿಯಿಲ್ಲದೆ ಮಾಡುವ ಖರ್ಚಿಗೆ ಹೋಲಿಸಿ ನೋಡಿರಿ. ಪಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೂದಲು ಬಂದೊಡನೆ ಔಷಧಿ ನಿಲ್ಲಿಸುವುದು ಸಾಮಾನ್ಯ ತಪ್ಪು. ಡೆಮೊಡೆಕ್ಸ್‌ನಲ್ಲಿ ಒಂದು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲೂ ನುಸಿ ಕಾಣದಿದ್ದರೆ ಮಾತ್ರ ನಿಲ್ಲಿಸಬೇಕು. ಕೀವಾದಾಗ ಕೊಡುವ ಔಷಧಿಯನ್ನೂ ವೈದ್ಯರು ಹೇಳಿದಷ್ಟು ವಾರ ಪೂರ್ತಿ ಕೊಡಿರಿ.

ಔಷಧಿಯ ಶಾಂಪೂ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಅನಂತರ ಮೈಯನ್ನು ಚೆನ್ನಾಗಿ ಒಣಗಿಸಬೇಕು. ನಾವು ಬಳಸುವ ಸೋಪು ನಾಯಿಯ ಚರ್ಮಕ್ಕೆ ಹಿಡಿಸದು. ಚಿಗಟದ ಮೊಟ್ಟೆ, ಮರಿ ಮತ್ತು ಗೂಡುಗಳು ಇರುವುದು ನಾಯಿಯ ಮೈಮೇಲಲ್ಲ, ಮಲಗುವ ಜಾಗದಲ್ಲಿ. ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಗೋಣಿಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಬಿರುಕುಗಳನ್ನು ಮುಚ್ಚಿರಿ. ಬರೀ ಮುದ್ದೆ, ಅನ್ನ ತಿನ್ನುವ ನಾಯಿಗೆ ಮೊಟ್ಟೆ, ಮೀನು ಅಥವಾ ಮಾಂಸ ಸ್ವಲ್ಪ ಸೇರಿಸಿದರೆ ಚರ್ಮ ಸುಧಾರಿಸುತ್ತದೆ. ಆಹಾರದ ಅಲರ್ಜಿಯ ಸಂಶಯವಿದ್ದಲ್ಲಿ ಅದು ಹಿಂದೆಂದೂ ತಿನ್ನದ ಆಹಾರವೊಂದನ್ನೇ 8 ವಾರ ಕೊಟ್ಟು ನೋಡಬೇಕು. ಈ ಅವಧಿಯಲ್ಲಿ ಮಕ್ಕಳು ಬಿಸ್ಕತ್ತು ಹಾಕದಂತೆ ನೋಡಿಕೊಳ್ಳಿ.

ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚಬಹುದು. ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪಿಸಬೇಡಿ.

ಖರ್ಚಿನ ಮಾತು

ವೈದ್ಯರಲ್ಲಿ ಈ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ: ರೋಗ ಯಾವುದು? ವಾಸಿಯಾಗುವುದೋ, ಹಿಡಿತದಲ್ಲಿಡುವುದೋ? ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಖರ್ಚು? ನಿಮ್ಮ ಶಕ್ತಿ ಎಷ್ಟೆಂಬುದನ್ನೂ ತಿಳಿಸಿರಿ. ಇದರಲ್ಲಿ ನಾಚಿಕೆಯೇನಿಲ್ಲ. ಕಡಿಮೆ ವೆಚ್ಚದ ಮಾರ್ಗ ಇದ್ದರೆ ಅವರು ಸೂಚಿಸಬಲ್ಲರು. ಅರ್ಧಕ್ಕೆ ನಿಲ್ಲುವ ದುಬಾರಿ ಚಿಕಿತ್ಸೆಗಿಂತ ಕೊನೆಯವರೆಗೆ ನಡೆಸಬಹುದಾದ ಸಾಧಾರಣ ಚಿಕಿತ್ಸೆಯೇ ಲೇಸು.

ಕಠಿಣ ನಿರ್ಧಾರ

ಎಲ್ಲವನ್ನೂ ಸರಿಯಾಗಿ ಮಾಡಿಯೂ ನಾಯಿಯ ಯಾತನೆ ತಗ್ಗದೆ ಇರಬಹುದು. ಆಗ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗುರುತು ಹಾಕಿರಿ. ಇಂದು ಉಂಡಿತೇ? ಕೆರೆಯದೆ ನಿದ್ದೆ ಮಾಡಿತೇ? ನಿಮ್ಮ ದನಿ ಕೇಳಿ ಎದ್ದು ಬಂದಿತೇ? ವಾರಗಟ್ಟಲೆ ಕೆಟ್ಟ ದಿನಗಳೇ ಹೆಚ್ಚಾದರೆ ಆ ಕ್ಯಾಲೆಂಡರಿನೊಡನೆ ವೈದ್ಯರ ಬಳಿ ಹೋಗಿ. ಮನೆಯವರೆಲ್ಲಾ ಕುಳಿತು ಮಾತಾಡಿ, ಮಕ್ಕಳಿಂದ ಮುಚ್ಚಿಡಬೇಡಿ.

ಸಂತೆಯಲ್ಲೋ ಹೆದ್ದಾರಿಯಲ್ಲೋ ಬಿಟ್ಟು ಬರುವುದು ಪರಿಹಾರವಲ್ಲ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ವಿಷವಿಕ್ಕುವುದು ಕ್ರೌರ್ಯ. ಪಶುವೈದ್ಯರು ಅರಿವಳಿಕೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ನಾಯಿ ಬಹುಬೇಗ ಪ್ರಜ್ಞೆ ತಪ್ಪಿ, ನೋವಿಲ್ಲದೆ ಕಣ್ಣು ಮುಚ್ಚುತ್ತದೆ. ಆ ಹೊತ್ತಿನಲ್ಲಿ ನೀವು ಹತ್ತಿರವಿದ್ದು ತಲೆ ಸವರುತ್ತಿರುವುದು ಒಳ್ಳೆಯದು. ಕಳೇಬರವನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು. ಅದರಲ್ಲಿ ಉಳಿದ ಮದ್ದು, ತಿಂದ ಹದ್ದು ನಾಯಿಗಳನ್ನೂ ಕೊಲ್ಲಬಲ್ಲದು.

ಗೋಣಿಚೀಲದಲ್ಲಿ ಬಂದ ಆ ನಾಯಿ ಐದು ತಿಂಗಳ ಚಿಕಿತ್ಸೆಯಿಂದ ಗುಣವಾಯಿತು. ಮೊಣಕೈಯ ಒಂದು ಮಚ್ಚೆ ಬಿಟ್ಟು ಉಳಿದೆಡೆ ಕೂದಲು ಬಂತು. ಎಂಟು ವರ್ಷ ತೋಟ ಕಾಯಿತು. ಮುಪ್ಪಿನಲ್ಲಿ ಚರ್ಮದ ಗಡ್ಡೆ ಒಡೆದು, ಶ್ವಾಸಕೋಶಕ್ಕೂ ಹರಡಿ, ಅನ್ನ ಬಿಟ್ಟಾಗ ಅದೇ ರೈತರು ಮತ್ತೆ ಕರೆತಂದರು. "ಈಗ ಹೇಳಿ ಡಾಕ್ಟ್ರೇ" ಎಂದರು. ಈ ಸಲ ನಾನು ಬೇಡವೆನ್ನಲಿಲ್ಲ. ಅವರು ತೊಡೆಯ ಮೇಲೆ ಅದರ ತಲೆ ಇಟ್ಟುಕೊಂಡು ಕೊನೆಯವರೆಗೂ ಕುಳಿತಿದ್ದರು.

ಮೊದಲ ಸಲ ಅವರು ಕೇಳಿದ್ದು ರೋಗ ತಿಳಿಯದೆ, ಎರಡನೆಯ ಸಲ ತಿಳಿದು. ನಿಮ್ಮ ನಾಯಿಯ ವಿಷಯದಲ್ಲೂ ಮೊದಲು ಪರೀಕ್ಷೆ, ಆಮೇಲೆ ಪೂರ್ಣಾವಧಿಯ ಚಿಕಿತ್ಸೆ, ಅದೂ ಮುಗಿದ ಮೇಲೆ ಮಾತ್ರ ಕೊನೆಯ ನಿರ್ಧಾರ. ಈ ಕ್ರಮವನ್ನು ಪಾಲಿಸಿರಿ.